ಗಾಟಿಂಗೆನ್ನಿನ ಏಳು ಮಂದಿ ಪ್ರಾಧ್ಯಾಪಕರು: ವಿದ್ವಾಂಸರ ರಾಜಕೀಯ ನುಡಿಯ ಬೆಲೆಯನ್ನು ಕುರಿತು ಒಂದು ವಿವೇಚನೆ

೧

ರಾಜ್ಯದ ಆಗುಹೋಗುಗಳನ್ನು ಕುರಿತು ವಿಶ್ವವಿದ್ಯಾನಿಲಯದ ಅಧ್ಯಾಪಕರು ವೃತ್ತಪತ್ರಿಕೆಗಳಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸುವುದು ಈಗ ನಿತ್ಯದ ಸಂಗತಿಯಾಗಿದೆ. ಚುನಾವಣೆಯ ಫಲವಾಗಲಿ, ಹೊಸ ಶಾಸನವಾಗಲಿ, ನ್ಯಾಯಾಲಯದ ತೀರ್ಪಾಗಲಿ ಹೊರಬಿದ್ದ ಮರುದಿನವೇ ಪ್ರಾಧ್ಯಾಪಕರೊಬ್ಬರ ವ್ಯಾಖ್ಯಾನವೋ ಹಲವರ ಸಹಿಯುಳ್ಳ ಹೇಳಿಕೆಯೋ ಅದರ ಬೆನ್ನಿಗೆ ಬರುತ್ತದೆ. ಇದರ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಅಧ್ಯಾಪಕನು ತನ್ನ ಶಾಸ್ತ್ರವನ್ನು ಬಿಟ್ಟು ಬೀದಿಯ ವಿವಾದಕ್ಕೆ ಇಳಿಯಬಾರದು ಎನ್ನುವುದು ಒಂದು. ಓದು ಬಲ್ಲವನೇ ಬಾಯಿ ಮುಚ್ಚಿದರೆ ಬೇರೆ ಯಾರು ನುಡಿಯಬೇಕು ಎನ್ನುವುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯವಿರುವುದರಿಂದ, ಬರಿಯ ತರ್ಕದಿಂದ ಈ ವಾದವನ್ನು ಮುಗಿಸುವುದು ಸಾಧ್ಯವಿಲ್ಲ. ವಿದ್ವಾಂಸರು ಹೀಗೆ ನುಡಿದ ಸಂದರ್ಭಗಳನ್ನು ಚರಿತ್ರೆಯಿಂದ ಎತ್ತಿಕೊಂಡು, ಯಾವ ನುಡಿ ಉಳಿಯಿತು, ಯಾವುದು ಅಳಿಯಿತು, ಏಕೆ ಎಂದು ಕೇಳುವುದೇ ಮೇಲಾದ ಮಾರ್ಗವೆಂದು ನಾವು ಭಾವಿಸುತ್ತೇವೆ.

ಈ ಪರೀಕ್ಷೆಗೆ ಜರ್ಮನಿಯ ಎರಡು ಘಟನೆಗಳನ್ನು ಆರಿಸಿಕೊಂಡಿದ್ದೇವೆ. ಮೊದಲನೆಯದು ೧೮೩೭ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಏಳು ಮಂದಿ ಪ್ರಾಧ್ಯಾಪಕರು ತಮ್ಮ ದೊರೆಯ ಕಾರ್ಯವನ್ನು ಪ್ರತಿಭಟಿಸಿದ ಪ್ರಸಂಗ. ಎರಡನೆಯದು ೧೯೧೪ರಲ್ಲಿ ಅದೇ ದೇಶದ ತೊಂಬತ್ತಮೂರು ಮಂದಿ ವಿದ್ವಾಂಸರೂ ಕಲಾವಿದರೂ ಲೋಕಕ್ಕೆ ಹೊರಡಿಸಿದ ಮನವಿ. ಮೊದಲನೆಯದನ್ನು ವಿಸ್ತಾರವಾಗಿಯೂ ಎರಡನೆಯದನ್ನು ಅದಕ್ಕೆ ಹೋಲಿಕೆಯಾಗುವಷ್ಟು ಮಾತ್ರವೂ ಇಲ್ಲಿ ನಿರೂಪಿಸುತ್ತೇವೆ.

೨

ಗಾಟಿಂಗೆನ್ ಉತ್ತರ ಜರ್ಮನಿಯ ಹ್ಯಾನೋವರ್ ಸಂಸ್ಥಾನಕ್ಕೆ ಸೇರಿದ ಚಿಕ್ಕ ಪಟ್ಟಣ. ಹ್ಯಾನೋವರಿಗೂ ಬ್ರಿಟನ್ನಿಗೂ ಒಬ್ಬನೇ ಒಡೆಯನಾಗಿದ್ದ ಎರಡನೆಯ ಜಾರ್ಜನ ಕಾಲದಲ್ಲಿ, ೧೭೩೭ರಲ್ಲಿ, ಅಲ್ಲಿಯ ವಿಶ್ವವಿದ್ಯಾನಿಲಯದ ಪ್ರಾರಂಭೋತ್ಸವ ನಡೆಯಿತು. ನೂರು ವರ್ಷಗಳೊಳಗಾಗಿ ಅದು ಯೂರೋಪಿನ ಶ್ರೇಷ್ಠ ವಿದ್ಯಾಕೇಂದ್ರಗಳಲ್ಲಿ ಒಂದಾಗಿ ಬೆಳೆಯಿತು. ೧೮೩೭ರ ಸೆಪ್ಟೆಂಬರಿನಲ್ಲಿ ಅದರ ಶತಮಾನೋತ್ಸವವು ವೈಭವದಿಂದ ನೆರವೇರಿತು. ನಾವು ಹೇಳಹೊರಟಿರುವ ಕಥೆ ನಡೆದದ್ದು ಆ ಉತ್ಸವದ ತೋರಣಗಳು ಬಾಡಿ ಎರಡು ತಿಂಗಳಾಗುವಷ್ಟರಲ್ಲಿ.

ಅದೇ ವರ್ಷದ ಜೂನ್ ೨೦ರಂದು ನಾಲ್ಕನೆಯ ವಿಲಿಯಂ ತೀರಿಕೊಂಡನು. ಬ್ರಿಟನ್ನಿನ ಸಿಂಹಾಸನ ವಿಕ್ಟೋರಿಯಾಳಿಗೆ ಬಂದಿತು. ಆದರೆ ಹ್ಯಾನೋವರಿನ ಉತ್ತರಾಧಿಕಾರದ ಕಟ್ಟಳೆಯಂತೆ ಗಂಡು ವಾರಸುದಾರನಿರುವಾಗ ಹೆಣ್ಣಿಗೆ ಪಟ್ಟ ಸಲ್ಲುವಂತಿರಲಿಲ್ಲ. ಹೀಗಾಗಿ ೧೭೧೪ರಿಂದ ಒಂದೇ ಕಿರೀಟದಡಿಯಲ್ಲಿದ್ದ ಎರಡು ರಾಜ್ಯಗಳು ಬೇರ್ಪಟ್ಟು, ವಿಲಿಯಮ್ಮನ ತಮ್ಮನಾದ ಎರ್ನ್ಸ್ಟ್ ಆಗಸ್ಟ್ ಹ್ಯಾನೋವರಿನ ದೊರೆಯಾದನು.

ಹ್ಯಾನೋವರಿನಲ್ಲಿ ಆಗ ಜಾರಿಯಲ್ಲಿದ್ದುದು ೧೮೩೩ರ ರಾಜ್ಯಾಂಗ. ೧೮೩೦ರ ಕ್ರಾಂತಿಗಳು ಯೂರೋಪಿನಲ್ಲಿ ಎಬ್ಬಿಸಿದ ಅಲೆಯ ಫಲವಾಗಿ ಅದು ಹುಟ್ಟಿತ್ತು. ಅದನ್ನು ತೀರ ಪ್ರಜಾಪ್ರಭುತ್ವದ ಶಾಸನವೆನ್ನುವಂತಿಲ್ಲ. ದೊರೆಯ ಅಧಿಕಾರಕ್ಕೆ ಮಿತಿಯನ್ನು ಗೊತ್ತುಮಾಡಿ, ರಾಜ್ಯದ ಆಯವ್ಯಯದಲ್ಲಿ ಪ್ರತಿನಿಧಿ ಸಭೆಗೆ ಮಾತನ್ನು ಕೊಟ್ಟಿದ್ದ ಸೌಮ್ಯವಾದ ಏರ್ಪಾಡು ಅದು. ಅರಮನೆಯ ಜಮೀನುಗಳ ಉತ್ಪತ್ತಿಯನ್ನು ಅದು ರಾಜ್ಯದ ಬೊಕ್ಕಸದೊಡನೆ ಕೂಡಿಸಿತ್ತು. ಸಾಲಗಾರನಾಗಿದ್ದ ಹೊಸ ದೊರೆಗೆ ಈ ಕಟ್ಟು ರುಚಿಸಲಿಲ್ಲ. ತನ್ನ ಒಪ್ಪಿಗೆಯಿಲ್ಲದೆ ಆದ ರಾಜ್ಯಾಂಗಕ್ಕೆ ತಾನು ಬದ್ಧನಲ್ಲವೆಂದು ಅವನು ಜುಲೈ ೫ರಂದೇ ಸಾರಿದನು. ನವೆಂಬರ್ ೧ರಂದು ಅದನ್ನು ರದ್ದುಗೊಳಿಸಿ, ಸರಕಾರಿ ನೌಕರರೆಲ್ಲರೂ ಅದಕ್ಕೆ ಕೊಟ್ಟಿದ್ದ ಪ್ರಮಾಣವಚನದಿಂದ ಬಿಡುಗಡೆ ಹೊಂದಿದರೆಂದು ಘೋಷಿಸಿದನು. ಪ್ರಾಧ್ಯಾಪಕರೂ ಸರಕಾರಿ ನೌಕರರೇ ಆಗಿದ್ದರೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಅವರೂ ಆ ರಾಜ್ಯಾಂಗವನ್ನು ಪಾಲಿಸುವುದಾಗಿ ಆಣೆಯಿಟ್ಟಿದ್ದರು.

೩

ನವೆಂಬರ್ ೧೮ರ ದಿನಾಂಕವುಳ್ಳ ಒಂದು ಪ್ರತಿಭಟನಾ ಪತ್ರವು ವಿಶ್ವವಿದ್ಯಾನಿಲಯದ ಮೇಲ್ವಿಚಾರಣೆಯ ಮಂಡಲಿಗೆ ಹೋಯಿತು. ಅದನ್ನು ಬರೆದವನು ಇತಿಹಾಸ ಮತ್ತು ರಾಜ್ಯಶಾಸ್ತ್ರದ ಪ್ರಾಧ್ಯಾಪಕನಾದ ಡಾಲ್ಮನ್. ೧೮೩೩ರ ರಾಜ್ಯಾಂಗವನ್ನು ಸಿದ್ಧಪಡಿಸುವುದರಲ್ಲಿ ಅವನ ಕೈಯೂ ಇತ್ತು. ಸಹಿ ಮಾಡಿದ ಉಳಿದವರು ಇವರು: ಕಾನೂನಿನ ಆಲ್ಬ್ರೆಕ್ಟ್, ಭಾಷಾಶಾಸ್ತ್ರದ ಯಾಕೋಬ್ ಗ್ರಿಮ್ ಮತ್ತು ಅವನ ತಮ್ಮ ವಿಲ್‌ಹೆಲ್ಮ್ ಗ್ರಿಮ್, ಸಾಹಿತ್ಯಚರಿತ್ರಕಾರನಾದ ಗೆರ್ವಿನಸ್, ಪ್ರಾಚ್ಯಭಾಷೆಗಳ ಏವಾಲ್ಡ್, ಭೌತಶಾಸ್ತ್ರದ ವಿಲ್‌ಹೆಲ್ಮ್ ವೆಬರ್. ಗ್ರಿಮ್ ಸೋದರರು ಸಂಗ್ರಹಿಸಿದ ಜನಪದ ಕಥೆಗಳನ್ನು ನಮ್ಮ ಮಕ್ಕಳೂ ಬಲ್ಲರು. ಏವಾಲ್ಡನು ಹೀಬ್ರೂ ಪಂಡಿತನೆಂದು ಖ್ಯಾತನಾದರೂ, ಸಂಸ್ಕೃತದ ಪ್ರಾಚೀನ ಛಂದಸ್ಸುಗಳನ್ನು ಕುರಿತು ೧೮೨೭ರಲ್ಲಿಯೇ ಬರೆದವನು. ವೆಬರನು ೧೮೩೩ರಲ್ಲಿ ಗಣಿತಜ್ಞ ಗೌಸನೊಡನೆ ಕೂಡಿ ಅದೇ ಊರಿನಲ್ಲಿ ವಿದ್ಯುತ್ ತಂತಿಯ ಮೂಲಕ ಸುದ್ದಿ ಕಳುಹಿಸುವ ಪ್ರಯೋಗವನ್ನು ನಡೆಸಿದ್ದನು. ಈ ಏಳು ಮಂದಿಯಲ್ಲಿ ರಾಜಕೀಯವನ್ನೇ ಶಾಸ್ತ್ರವಾಗಿ ವ್ಯಾಸಂಗ ಮಾಡುತ್ತಿದ್ದವರು ಕೆಲವರೇ.

ಪತ್ರದ ತಾತ್ಪರ್ಯವನ್ನು ಗಮನವಿಟ್ಟು ನೋಡಬೇಕು. ಅದು ದಂಗೆಗೆ ಕರೆಯಲ್ಲ. ದೊರೆಯ ಪಟ್ಟದ ಹಕ್ಕನ್ನು ಅದು ಪ್ರಶ್ನಿಸಲಿಲ್ಲ. ಯಾವ ಪಕ್ಷದ ಕಾರ್ಯಕ್ರಮವೂ ಅದರಲ್ಲಿರಲಿಲ್ಲ. ಅದರಲ್ಲಿದ್ದುದು ಇಷ್ಟೇ. ರಾಜ್ಯಾಂಗವು ಕೇವಲ ಬಲದಿಂದ, ವಿಚಾರಣೆಯಾಗಲಿ ಸಮರ್ಥನೆಯಾಗಲಿ ಇಲ್ಲದೆ ನಾಶವಾಗುವುದನ್ನು ತಾವು ಸುಮ್ಮನೆ ನೋಡಲಾರೆವು; ತಾವು ಇಟ್ಟ ಆಣೆಯಿಂದ ತಮ್ಮನ್ನು ಬಿಡಿಸುವ ಅಧಿಕಾರ ದೊರೆಯೊಬ್ಬನಿಗೇ ಇಲ್ಲ; ಆದ್ದರಿಂದ ಹಳೆಯ ಕಟ್ಟಳೆಯಂತೆ ಕರೆಯಲಾಗುವ ಸಭೆಗೆ ವಿಶ್ವವಿದ್ಯಾನಿಲಯದ ಪ್ರತಿನಿಧಿಯನ್ನು ಆರಿಸುವ ಕಾರ್ಯದಲ್ಲಿ ತಾವು ಭಾಗವಹಿಸುವುದಿಲ್ಲ, ಆ ಸಭೆಯನ್ನು ಮನ್ನಿಸುವುದೂ ಇಲ್ಲ. ಇದಕ್ಕೆ ಅವರು ಕೊಟ್ಟ ಕಾರಣ ಅಧ್ಯಾಪಕರಾದ ನಮಗೆ ಮುಖ್ಯವಾದುದು. ತಮ್ಮ ಬೋಧನೆಯ ಫಲವು ಅದರ ಶಾಸ್ತ್ರೀಯತೆಯನ್ನು ಮಾತ್ರ ಅವಲಂಬಿಸಿಲ್ಲ, ತಮ್ಮ ನಡತೆಯನ್ನೂ ಅವಲಂಬಿಸಿದೆ. ಆಣೆಯನ್ನು ಆಟವೆಂದು ತಿಳಿದವರೆಂದು ವಿದ್ಯಾರ್ಥಿಗಳ ಕಣ್ಣಿಗೆ ತಾವು ತೋರಿದ ದಿನ ಆ ಬೋಧನೆಗೆ ಬೆಲೆಯಿಲ್ಲ ಎಂಬುದೇ ಆ ಕಾರಣ.

ಅಂದರೆ ಅವರು ನುಡಿದದ್ದು ರಾಜ್ಯಶಾಸ್ತ್ರದ ಸಕಲ ಸಮಸ್ಯೆಗಳನ್ನು ಕುರಿತು ಅಲ್ಲ. ತಾವೇ ಕೈಯೆತ್ತಿ ಮಾಡಿದ್ದ ಒಂದು ಪ್ರಮಾಣವನ್ನು ಕುರಿತು ಮಾತ್ರ. ಅದರ ಸತ್ಯಾಸತ್ಯವನ್ನು ಅವರಿಗಿಂತ ಚೆನ್ನಾಗಿ ಬಲ್ಲ ಸಾಕ್ಷಿ ಬೇರೊಬ್ಬನಿರಲಿಲ್ಲ.

೪

ಪತ್ರವು ಮಂಡಲಿಯ ಕಡತದಲ್ಲಿಯೇ ಉಳಿದಿದ್ದರೆ ಈ ವೃತ್ತಾಂತ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಅದರ ನಕಲುಗಳು ವಿದ್ಯಾರ್ಥಿಗಳ ಕೈಗೆ ಬಂದುವು. ಅವರು ಅದನ್ನು ಕೈಬರಹದಲ್ಲಿ ಪ್ರತಿಮಾಡಿ ಊರಿಂದೂರಿಗೆ ಕಳುಹಿಸಿದರು. ಕೆಲವೇ ದಿನಗಳಲ್ಲಿ ಹ್ಯಾನೋವರಿನ ಹೊರಗಿನ ಪತ್ರಿಕೆಗಳಲ್ಲಿ ಅದು ಅಚ್ಚಾಗಿ ಇಡೀ ಜರ್ಮನಿಗೆ ಸುದ್ದಿಯಾಯಿತು. ಮೇಲಧಿಕಾರಿಗಳಿಗೆ ಬರೆದ ಅರಿಕೆಯು ಹೀಗೆ ಸಾರ್ವಜನಿಕ ಅಭಿಪ್ರಾಯವಾಗಿ ಮಾರ್ಪಟ್ಟಿತು. ದೊರೆಯನ್ನು ಹೆಚ್ಚು ಕೆರಳಿಸಿದ್ದು ಇದೇ.

ನವೆಂಬರ್ ಕೊನೆಯಲ್ಲಿ ವಿಶ್ವವಿದ್ಯಾನಿಲಯದ ಮುಖ್ಯಸ್ಥರು ರೋಟೆನ್‌ಕಿರ್ಖೆನ್ ಎಂಬಲ್ಲಿದ್ದ ಬೇಟೆಯ ಅರಮನೆಗೆ ಹೋಗಿ ದೊರೆಯನ್ನು ಕಂಡು ತಮ್ಮ ನಿಷ್ಠೆಯನ್ನು ಅರಿಕೆಮಾಡಿಕೊಂಡರು. ಸಂಸ್ಥೆಯನ್ನು ಉಳಿಸಿಕೊಳ್ಳುವ ಚಿಂತೆ ಅವರದು; ಅದನ್ನು ಹಗುರವಾಗಿ ಖಂಡಿಸುವುದು ಸರಿಯಲ್ಲ. ಡಿಸೆಂಬರಿನ ಮೊದಲ ವಾರದಲ್ಲಿ ಏಳು ಮಂದಿಯೂ ವಿಶ್ವವಿದ್ಯಾನಿಲಯದ ನ್ಯಾಯಸ್ಥಾನದ ಮುಂದೆ ನಿಲ್ಲಬೇಕಾಯಿತು. ಅಲ್ಲಿ ಕೇಳಿದ ಮುಖ್ಯ ಪ್ರಶ್ನೆ ಪತ್ರದ ವಾದ ಸರಿಯೇ ತಪ್ಪೇ ಎಂಬುದಲ್ಲ, ಅದು ಹೊರಗೆ ಹೋದದ್ದು ಹೇಗೆ ಎಂಬುದು. ಡಿಸೆಂಬರ್ ೧೪ರಂದು ಏಳು ಮಂದಿಗೂ ವಜಾ ಆಜ್ಞೆ ಮುಟ್ಟಿತು. ಪತ್ರವನ್ನು ಇತರರಿಗೆ ತಿಳಿಸಿದರೆಂದು ಡಾಲ್ಮನ್, ಯಾಕೋಬ್ ಗ್ರಿಮ್ ಮತ್ತು ಗೆರ್ವಿನಸ್ ಇವರಿಗೆ ಮೂರು ದಿನಗಳೊಳಗೆ ರಾಜ್ಯವನ್ನು ಬಿಟ್ಟು ಹೋಗಬೇಕೆಂದೂ ಆಜ್ಞೆಯಾಯಿತು. ಶಿಕ್ಷೆಯ ಈ ತಾರತಮ್ಯವನ್ನು ಗಮನಿಸಬೇಕು: ಅಭಿಪ್ರಾಯವುಳ್ಳವನಿಗೆ ಕೆಲಸ ಹೋಯಿತು, ಅದನ್ನು ಪ್ರಕಟವಾಗಗೊಟ್ಟವನಿಗೆ ನಾಡೇ ಹೋಯಿತು.

ಅವರು ಹೊರಡುವ ದಿನ ವಿದ್ಯಾರ್ಥಿಗಳಿಗೆ ಕುದುರೆಗಾಡಿಗಳನ್ನು ಬಾಡಿಗೆಗೆ ಕೊಡಕೂಡದೆಂದು ಅಪ್ಪಣೆಯಾಗಿತ್ತು. ಹಲವರು ಚಳಿಯಲ್ಲಿ ನಡೆದುಕೊಂಡೇ ಗಡಿಯಾಚೆಯ ವಿಟ್ಜೆನ್‌ಹೌಸೆನ್ ಊರಿನವರೆಗೆ ಹೋಗಿ ಗುರುಗಳನ್ನು ಬೀಳ್ಕೊಟ್ಟರು.

ಉಳಿದ ಪ್ರಾಧ್ಯಾಪಕರಲ್ಲಿ ಆರು ಮಂದಿ ತಾವು ಆ ಪ್ರತಿಭಟನೆಯನ್ನು ತಪ್ಪೆಂದು ಎಣಿಸಿರಲಿಲ್ಲವೆಂದು ಬಹಿರಂಗವಾಗಿ ತಿಳಿಸಿದರು. ಹೆಚ್ಚಿನವರು ಸುಮ್ಮನಿದ್ದರು. ಗೌಸನೂ ಸಹಿ ಮಾಡಲಿಲ್ಲ. ಅವನಿಗೆ ಆಗ ಅರವತ್ತು ವರ್ಷ. ಮನೆಯಲ್ಲಿ ತೊಂಬತ್ತು ದಾಟಿದ ತಾಯಿ. ಏವಾಲ್ಡನು ಅವನ ಅಳಿಯ, ವೆಬರನು ಅವನ ಸಂಶೋಧನೆಯ ಸಂಗಾತಿ. ಒಂದೇ ಆಜ್ಞೆಯಿಂದ ಇಬ್ಬರ ಜೀವನವೂ ಕದಡಿಹೋಯಿತು. ಮೌನವಾಗಿದ್ದವರೆಲ್ಲರೂ ಹೇಡಿಗಳೆಂದು ತೀರ್ಪುಕೊಡುವ ಮುನ್ನ ಇಂತಹ ಸಂಗತಿಗಳನ್ನು ಇತಿಹಾಸದ ವಿದ್ಯಾರ್ಥಿಯು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

೫

ಹಣ ಕೊಟ್ಟರೆ ಪ್ರಾಧ್ಯಾಪಕರು ಎಷ್ಟು ಮಂದಿ ಬೇಕಾದರೂ ದೊರಕುತ್ತಾರೆ ಎಂಬರ್ಥದ ತಿರಸ್ಕಾರದ ಮಾತೊಂದು ಎರ್ನ್ಸ್ಟ್ ಆಗಸ್ಟನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅವನೆಣಿಕೆ ಪೂರ್ತಿ ಸುಳ್ಳಾಯಿತೆಂದು ಹೇಳುವಂತಿಲ್ಲ. ರಾಜ್ಯಾಂಗವು ಮರಳಿ ಬರಲಿಲ್ಲ. ಹೈಡಲ್‌ಬರ್ಗ್, ಯೇನಾ, ಟ್ಯೂಬಿಂಗೆನ್ ಈ ಮೂರು ವಿಶ್ವವಿದ್ಯಾನಿಲಯಗಳ ಕಾನೂನು ವಿಭಾಗಗಳು ರದ್ದಾದ ರಾಜ್ಯಾಂಗದ ಪರವಾಗಿ ಅಭಿಪ್ರಾಯ ಕೊಟ್ಟುವು. ಡಾಲ್ಮನನು ಅವುಗಳನ್ನು ೧೮೩೯ರಲ್ಲಿ ಪ್ರಕಟಿಸಿದನು. ಆದರೆ ಜರ್ಮನ್ ಸಂಸ್ಥಾನಗಳ ಒಕ್ಕೂಟದ ಸಭೆಯು ಈ ವಿಷಯದಲ್ಲಿ ತಾನು ಕೈಹಾಕುವುದಿಲ್ಲವೆಂದು ಅದೇ ವರ್ಷ ನಿರ್ಧರಿಸಿತು. ೧೮೪೦ರಲ್ಲಿ ದೊರೆ ತನಗೆ ಒಪ್ಪುವ ಬೇರೊಂದು ರಾಜ್ಯಾಂಗವನ್ನು ಕೊಟ್ಟನು. ತತ್ಕಾಲದ ಫಲವನ್ನೇ ಅಳತೆಗೋಲಾಗಿ ಹಿಡಿದರೆ ಏಳು ಮಂದಿ ಸೋತರೆಂದೇ ಹೇಳಬೇಕು.

ಆದರೂ ಅವರು ಬೀದಿಪಾಲಾಗಲಿಲ್ಲ. ಲೈಪ್‌ಜಿಗ್ ನಗರದ ನಾಗರಿಕರು ಸಂಘವೊಂದನ್ನು ಕಟ್ಟಿ, ಹಲವು ಊರುಗಳಿಂದ ವಂತಿಗೆ ಎತ್ತಿ, ಅವರ ಸಂಬಳವನ್ನು ತುಂಬಿಕೊಡುವ ಏರ್ಪಾಡು ಮಾಡಿದರು. ಯಾಕೋಬ್ ಗ್ರಿಮ್ಮನು ತನ್ನ ವಜಾದ ವೃತ್ತಾಂತವನ್ನು ಬರೆದಾಗ, ಜರ್ಮನಿಯ ಮುದ್ರಣನಿರ್ಬಂಧದ ಕಾರಣ, ಅದು ೧೮೩೮ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ಅಚ್ಚಾಗಬೇಕಾಯಿತು. ಮಿಷನ್ನಿನ ಮೂಲಕ ಕನ್ನಡಿಗರಿಗೆ ಪರಿಚಿತವಾದ ಬಾಸೆಲ್ ಇದೇ. ಕೆಲಸವಿಲ್ಲದ ಈ ಸೋದರರನ್ನು ಲೈಪ್‌ಜಿಗ್ಗಿನ ಪ್ರಕಾಶಕರು ಅದೇ ವರ್ಷ ಒಂದು ಜರ್ಮನ್ ನಿಘಂಟಿನ ರಚನೆಗೆ ಒಪ್ಪಿಸಿದರು. ಅದರ ಮೊದಲ ಸಂಪುಟ ೧೮೫೪ರಲ್ಲಿ ಹೊರಬಂದಿತು. ಸೋದರರಿಬ್ಬರೂ ಕಾಲವಾದ ಮೇಲೆ ಹಲವು ತಲೆಮಾರುಗಳ ವಿದ್ವಾಂಸರು ಮುಂದುವರಿಸಿ ೧೯೬೧ರಲ್ಲಿ ಅದನ್ನು ೩೨ ಸಂಪುಟಗಳಲ್ಲಿ ಮುಗಿಸಿದರು. ದೊರೆಯ ಆಜ್ಞೆ ಒದಗಿಸಿಕೊಟ್ಟ ಬಿಡುವಿನಲ್ಲಿ ಹುಟ್ಟಿದ ಗ್ರಂಥವಿದು.

ಆ ಏಳು ಮಂದಿಯ ಮುಂದಿನ ಹಾದಿಗಳು ಒಂದೇ ದಿಕ್ಕಿಗೆ ಹೋಗಲಿಲ್ಲ. ೧೮೪೮ರ ಫ್ರಾಂಕ್‌ಫರ್ಟ್ ರಾಷ್ಟ್ರೀಯ ಸಭೆಯಲ್ಲಿ ಡಾಲ್ಮನ್, ಯಾಕೋಬ್ ಗ್ರಿಮ್, ಗೆರ್ವಿನಸ್, ಆಲ್ಬ್ರೆಕ್ಟ್ ಈ ನಾಲ್ವರೂ ಸದಸ್ಯರಾಗಿದ್ದರು. ಡಾಲ್ಮನನು ಪ್ರಷ್ಯದ ನಾಯಕತ್ವದಲ್ಲಿ ಜರ್ಮನಿ ಒಂದಾಗಬೇಕೆಂದು ಬಯಸಿದನು. ಗೆರ್ವಿನಸ್ಸನು ಕೊನೆಗಾಲದಲ್ಲಿ ಪ್ರಷ್ಯವು ಬಲದಿಂದ ಸಾಧಿಸಿದ ಐಕ್ಯವನ್ನು ವಿರೋಧಿಸಿದನು. ಏವಾಲ್ಡನ ಕಥೆಯಂತೂ ಇನ್ನೂ ವಿಚಿತ್ರ. ೧೮೪೮ರಲ್ಲಿ ಅವನು ಗಾಟಿಂಗೆನ್ನಿಗೆ ಹಿಂದಿರುಗಿದನು. ೧೮೬೬ರಲ್ಲಿ ಪ್ರಷ್ಯವು ಹ್ಯಾನೋವರನ್ನು ನುಂಗಿಕೊಂಡಾಗ, ಹ್ಯಾನೋವರಿನ ದೊರೆಗೆ ಕೊಟ್ಟ ಮಾತನ್ನು ಮುರಿದು ಪ್ರಷ್ಯದ ಅರಸನಿಗೆ ಆಣೆಯಿಡಲಾರೆನೆಂದು ಹೇಳಿ ಎರಡನೆಯ ಸಲ ತನ್ನ ಪೀಠವನ್ನು ಕಳೆದುಕೊಂಡನು. ಪದಚ್ಯುತನಾದ ಆ ಹ್ಯಾನೋವರಿನ ದೊರೆ ಐದನೆಯ ಜಾರ್ಜ್ ಮತ್ತಾರೂ ಅಲ್ಲ, ೧೮೩೭ರಲ್ಲಿ ಏವಾಲ್ಡನನ್ನು ಹೊರಗಟ್ಟಿದ ಎರ್ನ್ಸ್ಟ್ ಆಗಸ್ಟನ ಮಗ. ಮೊದಲ ಸಲ ತಂದೆಗೆ ವಿರೋಧವಾಗಿ, ಎರಡನೆಯ ಸಲ ಮಗನ ಪರವಾಗಿ ಅವನು ನಿಂತನು. ಎರಡು ಸಲವೂ ನಿಂತದ್ದು ಒಂದೇ ನೆಲೆಯ ಮೇಲೆ. ಈ ಏಳು ಮಂದಿಯನ್ನು ಕೂಡಿಸಿದ್ದು ಪಕ್ಷವಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಾಗಿಲ್ಲ.

೬

ಈಗ ಎರಡನೆಯ ಘಟನೆಗೆ ಬರೋಣ. ಏಳು ಮಂದಿಯ ಕೀರ್ತಿಯಿಂದ ಜರ್ಮನ್ ಪ್ರಾಧ್ಯಾಪಕನ ಮಾತಿಗೆ ದೊರಕಿದ್ದ ಗೌರವವನ್ನು ಮುಂದಿನ ಪೀಳಿಗೆಗಳು ಬಾಧ್ಯತೆಯಿಂದ ಪಡೆದುವು. ಆ ಗೌರವ ಹೇಗೆ ವೆಚ್ಚವಾಯಿತೆಂಬುದನ್ನು ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಕಾಣಬಹುದು.

೧೯೧೪ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯವು ತಟಸ್ಥ ರಾಜ್ಯವಾಗಿದ್ದ ಬೆಲ್ಜಿಯಂ ದೇಶವನ್ನು ಹೊಕ್ಕಿತು. ಆಗಸ್ಟ್ ೨೫ರ ರಾತ್ರಿ ಲೂವೆನ್ ನಗರಕ್ಕೆ ಬೆಂಕಿ ಬಿದ್ದು ಅಲ್ಲಿಯ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರವು ಸುಟ್ಟುಹೋಯಿತು. ಲೋಕವೆಲ್ಲ ಜರ್ಮನಿಯನ್ನು ನಿಂದಿಸಿತು. ಇದಕ್ಕೆ ಉತ್ತರವಾಗಿ ಅಕ್ಟೋಬರ್ ೪ರಂದು ತೊಂಬತ್ತಮೂರು ಮಂದಿಯ ಹೆಸರಿನಲ್ಲಿ ಒಂದು ಮನವಿ ಹೊರಟಿತು. ಭೌತಶಾಸ್ತ್ರದ ಪ್ಲಾಂಕ್, ಕ್ಷಕಿರಣವನ್ನು ಕಂಡುಹಿಡಿದ ರಂಟ್‌ಗೆನ್, ವೈದ್ಯವಿಜ್ಞಾನದ ಏರ್ಲಿಕ್, ಗ್ರೀಕ್ ಪಂಡಿತನಾದ ವಿಲಾಮೊವಿಟ್ಸ್ ಮೊದಲಾದ ಮಹನೀಯರ ಹೆಸರುಗಳು ಅದರಲ್ಲಿದ್ದುವು. ಜರ್ಮನಿಯ ಮೇಲಿನ ಆರು ಆರೋಪಗಳನ್ನು ಒಂದೊಂದಾಗಿ ಎತ್ತಿಕೊಂಡು, ಇದು ಸತ್ಯವಲ್ಲವೆಂದು ಅದು ಸಾರಿತು. ಅನಿವಾರ್ಯವಾದ ಆತ್ಮರಕ್ಷಣೆಯ ಹೊರತು ಬೆಲ್ಜಿಯಂ ದೇಶದ ಒಬ್ಬ ನಾಗರಿಕನ ಪ್ರಾಣಕ್ಕೂ ಆಸ್ತಿಗೂ ಜರ್ಮನ್ ಸೈನಿಕರು ಕೈಹಚ್ಚಿಲ್ಲವೆಂಬುದು ಆ ನಿರಾಕರಣೆಗಳಲ್ಲಿ ಒಂದು.

ಸಹಿ ಮಾಡಿದವರು ತಮ್ಮ ತಮ್ಮ ಶಾಸ್ತ್ರದಲ್ಲಿ ಅದ್ವಿತೀಯರು. ಆದರೆ ಬೆಲ್ಜಿಯಂನಲ್ಲಿ ನಡೆದದ್ದೇನೆಂಬುದನ್ನು ಅವರು ಪರೀಕ್ಷಿಸಿರಲಿಲ್ಲ. ಮನವಿಯ ಪೂರ್ಣಪಾಠವನ್ನು ನೋಡದೆಯೇ ಹೆಸರು ಕೊಟ್ಟೆವೆಂದು ಅವರಲ್ಲಿ ಹಲವರು ಮುಂದೆ ಒಪ್ಪಿಕೊಂಡರು. ಪ್ಲಾಂಕನು ೧೯೧೬ರಲ್ಲಿ ಹಾಲೆಂಡಿನ ಭೌತಶಾಸ್ತ್ರಜ್ಞ ಲೊರೆಂಟ್ಸನಿಗೆ ಬರೆದ ಬಹಿರಂಗಪತ್ರದಲ್ಲಿ ತನ್ನ ನಿಲುವನ್ನು ಸಡಿಲಿಸಿದನು. ಜಾನ್ ಹಾರ್ನ್ ಮತ್ತು ಅಲನ್ ಕ್ರೇಮರ್ ಎಂಬ ಇತಿಹಾಸಕಾರರು ೨೦೦೧ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಯುದ್ಧದ ಆ ಮೊದಲ ತಿಂಗಳುಗಳಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸ್ ದೇಶಗಳಲ್ಲಿ ಜರ್ಮನ್ ಸೈನ್ಯದ ಕೈಯಲ್ಲಿ ಹತರಾದ ನಾಗರಿಕರು ಸುಮಾರು ೬,೫೦೦ ಮಂದಿ. ತಮ್ಮ ಪ್ರಯೋಗಶಾಲೆಯಲ್ಲಿ ಅಳೆಯದೆ ಒಂದು ಅಂಕಿಯನ್ನೂ ಒಪ್ಪದ ವಿಜ್ಞಾನಿಗಳು, ಹಸ್ತಪ್ರತಿಗಳನ್ನು ಹೋಲಿಸದೆ ಒಂದು ಅಕ್ಷರವನ್ನೂ ತಿದ್ದದ ಪಂಡಿತರು, ಇಲ್ಲಿ ಸೈನ್ಯದ ಮಾತನ್ನು ತಮ್ಮ ಮಾತೆಂದು ಲೋಕಕ್ಕೆ ಕೊಟ್ಟರು. ಆ ದಿನಗಳಲ್ಲಿ ಇದಕ್ಕೆ ಪ್ರತಿಯಾಗಿ ನಿಕೊಲಾಯ್ ಎಂಬ ಶರೀರವಿಜ್ಞಾನಿಯು ಸಿದ್ಧಪಡಿಸಿದ ಹೇಳಿಕೆಗೆ ಅವನನ್ನೂ ಐನ್‌ಸ್ಟೈನನನ್ನೂ ಕೂಡಿಸಿ ದೊರೆತ ಸಹಿಗಳು ನಾಲ್ಕೇ.

೭

ಎರಡು ಘಟನೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸಗಳು ಸ್ಪಷ್ಟವಾಗುತ್ತವೆ. ಏಳು ಮಂದಿ ತಾವು ಪ್ರತ್ಯಕ್ಷವಾಗಿ ಬಲ್ಲ ಸಂಗತಿಯನ್ನು ನುಡಿದರು. ತೊಂಬತ್ತಮೂರು ಮಂದಿ ಕೇಳಿದ್ದನ್ನು ನುಡಿದರು. ಮೊದಲಿನವರು ತಮಗೇ ಸಂಬಳ ಕೊಡುವ ಅಧಿಕಾರಕ್ಕೆ ಎದುರಾಗಿ ನುಡಿದು ಅದರ ಬೆಲೆಯನ್ನು ತೆತ್ತರು. ಎರಡನೆಯವರ ನುಡಿ ಅಧಿಕಾರಕ್ಕೂ ಜನದ ಆವೇಶಕ್ಕೂ ಪ್ರಿಯವಾಗಿತ್ತು. ಮೊದಲಿನವರ ಮಾತು ಇಂತಿಷ್ಟೇ ಎಂದು ಗೆರೆಯೆಳೆದುದು. ಎರಡನೆಯವರದು ಎಲ್ಲೆಯಿಲ್ಲದ ನಿರಾಕರಣೆ. ಅಪ್ರಿಯವಾದ ನುಡಿಯೆಲ್ಲ ಸತ್ಯ, ಪ್ರಿಯವಾದದ್ದೆಲ್ಲ ಸುಳ್ಳು ಎಂದು ಇದರಿಂದ ನಿಯಮ ಮಾಡಬಾರದು. ಆದರೆ ತನ್ನ ಮಾತಿಗೆ ತಾನೇ ಹೊಣೆಯಾಗಬೇಕಾದವನು ಅದನ್ನು ತೂಗಿ ಆಡುತ್ತಾನೆಂಬುದು ಸಾಮಾನ್ಯವಾಗಿ ನಿಜ. ಹೊಣೆಯು ತೊಂಬತ್ತಮೂರು ಪಾಲಾದಾಗ ಪ್ರತಿಯೊಬ್ಬನ ಪಾಲಿಗೂ ಬರುವುದು ಅತ್ಯಲ್ಪ.

ಈ ಪ್ರಶ್ನೆ ಜರ್ಮನಿಗೆ ಮಾತ್ರ ಸೀಮಿತವಾಗಿರಲಿಲ್ಲ. ಅಮೆರಿಕದಲ್ಲಿಯೂ ಅಭಿಪ್ರಾಯಗಳಿಗಾಗಿ ಅಧ್ಯಾಪಕರು ಕೆಲಸ ಕಳೆದುಕೊಂಡ ಪ್ರಸಂಗಗಳು ನಡೆದಿದ್ದುವು. ಅಲ್ಲಿಯ ವಿಶ್ವವಿದ್ಯಾನಿಲಯ ಪ್ರಾಧ್ಯಾಪಕರ ಸಂಘವು ೧೯೧೫ರಲ್ಲಿ ಹುಟ್ಟಿದಾಗಲೇ ಒಂದು ಘೋಷಣೆಯನ್ನು ಹೊರಡಿಸಿತು. ವಿವಾದಾಸ್ಪದವಾದ ಸಾರ್ವಜನಿಕ ವಿಷಯಗಳಲ್ಲಿ ಅಧ್ಯಾಪಕನ ಬಾಯಿ ಕಟ್ಟಬಾರದೆಂದು ಅದು ವಾದಿಸಿತು; ಜೊತೆಗೆ, ಪರೀಕ್ಷಿಸದ ಮಾತನ್ನೂ ಉತ್ಪ್ರೇಕ್ಷೆಯನ್ನೂ ಅವನು ತೊರೆಯಬೇಕೆಂದು ಎಚ್ಚರಿಸಿತು. ೧೯೪೦ರ ಹೇಳಿಕೆಯು, ನಾಗರಿಕನಾಗಿ ನುಡಿಯುವ ಅಧ್ಯಾಪಕನು ತಾನು ಸಂಸ್ಥೆಯ ಪರವಾಗಿ ನುಡಿಯುತ್ತಿಲ್ಲವೆಂಬುದನ್ನು ತೋರಿಸಿಕೊಡಬೇಕೆಂದು ಸೇರಿಸಿತು. ಗಾಟಿಂಗೆನ್ನಿನ ಏಳು ಮಂದಿ ಈ ನಿಯಮಗಳು ಹುಟ್ಟುವ ಮೊದಲೇ ಅವುಗಳಂತೆ ನಡೆದಿದ್ದರು. ವಿಶ್ವವಿದ್ಯಾನಿಲಯದ ಪರವಾಗಿ ತಾವು ಮಾತನಾಡುತ್ತೇವೆಂದು ಅವರು ಹೇಳಲಿಲ್ಲ. ತಂತಮ್ಮ ಹೆಸರನ್ನು ಮಾತ್ರ ಕೆಳಗೆ ಬರೆದರು.

ಏಳು ಮಂದಿಯ ಕಥೆಗೆ ದಂತಕಥೆಯ ಬಣ್ಣವೂ ಸೇರಿಕೊಂಡಿದೆಯೆಂಬುದನ್ನು ಇಲ್ಲಿ ಹೇಳುವುದು ನ್ಯಾಯ. ೧೯೯೭ರಲ್ಲಿ ಕ್ಲಾಸ್ ಫಾನ್ ಜೇ ಎಂಬ ವಿದ್ವಾಂಸನು ಒಂದು ಗ್ರಂಥವನ್ನೇ ಬರೆದು ಆ ದಂತಕಥೆಯನ್ನು ವಿಮರ್ಶಿಸಿದನು. ಅವರನ್ನು ಆಧುನಿಕ ಪ್ರಜಾಪ್ರಭುತ್ವದ ಮೂಲಪುರುಷರೆಂದು ಕೊಂಡಾಡುವುದು ಅತಿಶಯೋಕ್ತಿಯೆಂಬುದನ್ನು ನಾವೂ ಒಪ್ಪುತ್ತೇವೆ. ಅವರು ಸಂಪ್ರದಾಯಶೀಲರಾದ, ಶಾಂತಸ್ವಭಾವದ ಗೃಹಸ್ಥರು. ಆದರೆ ಇದರಿಂದ ನಮ್ಮ ವಾದಕ್ಕೆ ಬಲವೇ ಬರುತ್ತದೆ. ವಿದ್ವಾಂಸನ ರಾಜಕೀಯ ನುಡಿಗೆ ಬೆಲೆ ಬರುವುದಕ್ಕೆ ಅವನು ಕ್ರಾಂತಿಕಾರನಾಗಬೇಕಾಗಿಲ್ಲ. ತನ್ನ ಶಾಸ್ತ್ರದಲ್ಲಿ ಪಾಲಿಸುವ ಶಿಸ್ತನ್ನು ಪತ್ರಿಕೆಗೆ ಬರೆಯುವಾಗಲೂ ಬಿಡದಿದ್ದರೆ ಸಾಕು.

ಇಂದು ಹ್ಯಾನೋವರ್ ನಗರದ ರೈಲುನಿಲ್ದಾಣದ ಮುಂದೆ ಎರ್ನ್ಸ್ಟ್ ಆಗಸ್ಟನ ಅಶ್ವಾರೂಢ ಪ್ರತಿಮೆಯಿದೆ. ಅದೇ ನಗರದಲ್ಲಿ, ಶಾಸನಸಭೆಯ ಬಳಿ, ೧೯೯೮ರಲ್ಲಿ ನಿಲ್ಲಿಸಿದ ಏಳು ಮಂದಿಯ ಸ್ಮಾರಕವೂ ಇದೆ. ಇತಿಹಾಸವು ಇಬ್ಬರಿಗೂ ಸ್ಥಳ ಕೊಟ್ಟಿದೆ. ನಮ್ಮ ಕಾಲೇಜುಗಳ ಅಧ್ಯಾಪಕಮಿತ್ರರು ಯಾವುದಾದರೊಂದು ಹೇಳಿಕೆಗೆ ಸಹಿ ಮಾಡುವ ಮುನ್ನ, ಅಥವಾ ಪತ್ರಿಕೆಯವರ ಪ್ರಶ್ನೆಗೆ ಉತ್ತರ ಕೊಡುವ ಮುನ್ನ, ತಮ್ಮನ್ನು ತಾವು ಮೂರು ಮಾತು ಕೇಳಿಕೊಳ್ಳಬಹುದು. ಇದನ್ನು ನಾನು ಬಲ್ಲೆನೇ? ಇದಕ್ಕೆ ನಾನೊಬ್ಬನೇ ಹೊಣೆಯಾಗಬಲ್ಲೆನೇ? ನಾಳೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಇದರ ಆಧಾರವನ್ನು ಕೇಳಿದರೆ ತೋರಿಸಬಲ್ಲೆನೇ? ಮೂರಕ್ಕೂ ಹೌದೆನ್ನಬಲ್ಲವನು ನುಡಿಯದಿರುವುದು ತಪ್ಪೆಂದೂ, ಒಂದಕ್ಕಾದರೂ ಇಲ್ಲವೆನ್ನಬೇಕಾದವನು ನುಡಿಯುವ ಮುನ್ನ ಇನ್ನಷ್ಟು ಓದಬೇಕೆಂದೂ ನಮ್ಮ ಅಭಿಪ್ರಾಯ.